ಮಾವಿನ ಮಿಡಿಯೂ ಅದರ ಓಟೆಯೂ

ಯಲಹಂಕದಿಂದ ಹೆಸರಘಟ್ಟದ ಕಡೆಗೆ ಸಾಗುವ ದಾರಿಯ ಆಚೀಚೆ ಹಳೆಯ ಮಾವಿನ ತೋಪುಗಳು ಈಗಲೂ ಅಲ್ಲಲ್ಲಿ ಉಳಿದಿವೆ. ಹೂವಿನ ಕಾಲ ಮುಗಿದು ಬೇಸಗೆ ಕಾಲಿಡುವ ಹೊತ್ತಿಗೆ ಇಂತಹ ತೋಪೊಂದನ್ನು ಹೊಕ್ಕು ನೆಲವನ್ನು ನೋಡಬೇಕು. ಸಾಸಿವೆಯಷ್ಟು, ಬಟಾಣಿಯಷ್ಟು, ಗೋಲಿಯಷ್ಟು ಗಾತ್ರದ ಮಿಡಿಗಳು ಮರದ ಬುಡದ ಸುತ್ತ ಸುರಿದು ಬಿದ್ದಿರುತ್ತವೆ. ಗಾಳಿಯಿಲ್ಲದ ದಿನವೂ ಬೀಳುತ್ತವೆ. ಯಾರೂ ಕಲ್ಲೆಸೆಯದಿದ್ದರೂ ಬೀಳುತ್ತವೆ. ಹುಡುಗರು ಅವುಗಳಲ್ಲಿ ದೊಡ್ಡವನ್ನು ಆಯ್ದು ಉಪ್ಪು ಖಾರ ಹಚ್ಚಿಕೊಂಡು ತಿನ್ನುತ್ತಾರೆ. ಆದರೆ ತೋಪಿನ ಒಡೆಯನಿಗಾಗಲಿ, ಫಸಲನ್ನು ಗುತ್ತಿಗೆ ಹಿಡಿದವನಿಗಾಗಲಿ ಅದು ನಗುವ ಹೊತ್ತಲ್ಲ. ನಮ್ಮ ಸೀಮೆಯಲ್ಲಿ ಮಾವಿನ ಫಸಲನ್ನು ಅನೇಕ ವೇಳೆ ಮರ ಹೂ ಬಿಟ್ಟಿರುವಾಗಲೇ ಕಣ್ಣಂದಾಜಿನಿಂದ ಮಾರಿಬಿಡುವುದು ವಾಡಿಕೆ. ಕೊಂಡವನು ಹೂವನ್ನು ನೋಡಿ ಹಣ ಕೊಟ್ಟಿರುತ್ತಾನೆ. ಅವನಿಗೆ ಹಣ ಹಿಂದಿರುಗಬೇಕಾದುದು ಹಣ್ಣಿನಿಂದ. ಇವೆರಡರ ನಡುವೆ ಕೆಲವು ತಿಂಗಳುಗಳ ಅಂತರವಿದೆ. ಆ ಅಂತರದಲ್ಲಿ ಮರವು ತಾನು ಕಚ್ಚಿದ ಕಾಯಿಗಳಲ್ಲಿ ಬಹುಭಾಗವನ್ನು ತಾನೇ ಕೆಡಹುತ್ತದೆ.

ಏತಕ್ಕೆ ಕೆಡಹುತ್ತದೆ? ಉಳಿದ ಕಾಯಿಗಳಾದರೂ ಎಲ್ಲವೂ ಸವಿಯಾಗಿ ಮಾಗದೆ, ಕೆಲವು ಹೊರಗೆ ಚೆನ್ನಾಗಿದ್ದೂ ಒಳಗೆ ಕೆಟ್ಟಿರುವುದೇಕೆ? ಈ ಎರಡು ಪ್ರಶ್ನೆಗಳು ಒಂದಕ್ಕೊಂದು ಸಂಬಂಧವಿಲ್ಲದವೆಂದೇ ಬಹುಕಾಲ ಭಾವಿಸಲಾಗಿತ್ತು. ಆದರೆ ಎರಡನ್ನೂ ಬೆನ್ನಟ್ಟಿ ಹೋದರೆ ತಲಪುವ ತಾಣ ಒಂದೇ. ಅದು ತಿರುಳಿನ ನಡುವೆ ಓಟೆಯಲ್ಲಿ ಅಡಗಿ ಕುಳಿತಿರುವ ಬೀಜ.

ಮೊದಲು ಲೆಕ್ಕವನ್ನು ನೋಡೋಣ. ಮಾವಿನ ಒಂದು ಹೂಗೊಂಚಲಿನಲ್ಲಿ ಕೆಲವು ನೂರರಿಂದ ಕೆಲವು ಸಾವಿರದವರೆಗೆ ಹೂಗಳಿರುತ್ತವೆ. ಇವುಗಳಲ್ಲಿ ಬಹುಪಾಲು ಬರಿಯ ಗಂಡು ಹೂಗಳು. ಅವು ಕಾಯಿ ಕಚ್ಚುವ ಮಾತೇ ಇಲ್ಲ. ಉಳಿದ ದ್ವಿಲಿಂಗ ಪುಷ್ಪಗಳಲ್ಲಿಯೂ ಹಣ್ಣಾಗುವವರೆಗೆ ನಿಲ್ಲುವುವು ನೂರಕ್ಕೆ ಒಂದನ್ನು ಮುಟ್ಟುವುದು ಅಪರೂಪ. ಇಡೀ ಗೊಂಚಲಿಗೆ ಒಂದೋ ಎರಡೋ ಹಣ್ಣು ನಿಂತರೆ ಅದು ಒಳ್ಳೆಯ ಫಸಲೇ ಸರಿ. ಎಲ್ಲವೂ ನಿಂತರೆ ಏನಾಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಿ: ಕೊಂಬೆ ಮುರಿಯುವುದಂತಿರಲಿ, ಆ ಕಾಯಿಗಳಿಗೆ ಉಣಿಸಲು ಮರದ ಬಳಿ ಆಹಾರವೇ ಇರುತ್ತಿರಲಿಲ್ಲ. ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ೧೯೮೦ರ ದಶಕದ ಆದಿಯಲ್ಲಿ ಈ ಆಯವ್ಯಯವನ್ನೇ ಪರೀಕ್ಷಿಸಿದರು. ಒಂದು ಮಾವಿನಕಾಯಿ ತನ್ನ ಸಹಜ ಗಾತ್ರಕ್ಕೆ ಬೆಳೆಯಬೇಕಾದರೆ ಸುಮಾರು ೩೦ ಎಲೆಗಳ ದುಡಿಮೆ ಬೇಕೆಂದು ಅವರಿಗೆ ಕಂಡುಬಂದಿತು. ಅಂದಮೇಲೆ ಮಿಡಿ ಉದುರುವುದೆಲ್ಲವೂ ನಷ್ಟವಲ್ಲ. ಅದರಲ್ಲಿ ಹೆಚ್ಚಿನ ಭಾಗ ಮರವು ತನ್ನ ಶಕ್ತಿಯನ್ನು ಅರಿತು ಮಾಡುವ ಮಿತವ್ಯಯ. ಬೆಳೆಗಾರನಿಗೆ ನಿಜವಾಗಿ ನಷ್ಟವಾಗುವುದು ಇದಾದ ಮೇಲೂ, ಮರ ಸಾಕಬಹುದಾಗಿದ್ದ ಕಾಯಿಗಳೂ ಉದುರಿದಾಗ. ತಡೆಯಬೇಕಾದುದು ಆ ಎರಡನೆಯ ಭಾಗವನ್ನು ಮಾತ್ರ. ಈ ಭೇದವನ್ನು ಗಮನಿಸದೆ, ಉದುರುವುದನ್ನೆಲ್ಲ ನಿಲ್ಲಿಸುತ್ತೇವೆಂದು ಸಾರುವ ಔಷಧಿಗಳ ಜಾಹೀರಾತನ್ನು ನಂಬುವುದು ಜಾಣತನವಲ್ಲ.

ಇನ್ನು, ಕಾಯಿ ಬೀಳುವುದಾದರೂ ಹೇಗೆ? ಹಗ್ಗ ಸವೆದು ಹರಿದಂತೆ ತೊಟ್ಟು ಹರಿಯುತ್ತದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ತೊಟ್ಟಿನ ಒಂದು ನಿರ್ದಿಷ್ಟ ಸ್ಥಳದಲ್ಲಿ ಅಡ್ಡಲಾಗಿ ಕೆಲವೇ ಸಾಲು ಸಣ್ಣ ಜೀವಕೋಶಗಳ ಒಂದು ಪದರ ಮೊದಲೇ ಸಿದ್ಧವಾಗಿರುತ್ತದೆ. ಅದಕ್ಕೆ ಸೂಚನೆ ದೊರೆತೊಡನೆ ಆ ಜೀವಕೋಶಗಳು ಕೆಲವು ಕಿಣ್ವಗಳನ್ನು ಸ್ರವಿಸಿ, ತಮ್ಮನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ಗಾರೆಯನ್ನೂ ಗೋಡೆಯ ಸೆಲ್ಯುಲೋಸನ್ನೂ ಕರಗಿಸಿಬಿಡುತ್ತವೆ. ಮಿಕ್ಕ ಕೆಲಸ ಭೂಮಿಯ ಆಕರ್ಷಣೆಯದು. ಬಿದ್ದ ಮಿಡಿಯ ತೊಟ್ಟಿನ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದು ನುಣುಪಾಗಿ, ಬಟ್ಟಲಿನಂತೆ ಇರುವುದು ಕಾಣುತ್ತದೆ. ಕೈಯಿಂದ ಕಿತ್ತ ಕಾಯಿಯ ತೊಟ್ಟು ನಾರುನಾರಾಗಿರುತ್ತದೆ. ಉದುರುವಿಕೆ ಅಪಘಾತವಲ್ಲ, ಜೀವಂತ ಕ್ರಿಯೆ ಎಂಬುದಕ್ಕೆ ಇದಕ್ಕಿಂತ ಸುಲಭವಾದ ಸಾಕ್ಷಿ ಬೇಕಿಲ್ಲ.

ಆ ಸೂಚನೆಯನ್ನು ಕೊಡುವವರು ಯಾರು? ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಪಟ್ಟಣಗಳ ಬೀದಿಗಳಲ್ಲಿ ಅನಿಲದ ದೀಪಗಳು ಉರಿಯುತ್ತಿದ್ದುವು. ಅನಿಲ ಸೋರುವ ಕೊಳವೆಗಳ ಬಳಿಯಿದ್ದ ಮರಗಳು ಅಕಾಲದಲ್ಲಿ ಎಲೆ ಉದುರಿಸುವುದನ್ನು ಜನ ಗಮನಿಸಿದ್ದರು. ೧೯೦೧ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನೆಲ್ಯುಬೋವ್ ಎಂಬ ತರುಣ, ಪ್ರಯೋಗಶಾಲೆಯ ದೀಪದ ಅನಿಲದಲ್ಲಿದ್ದ ಎಥಿಲೀನ್ ಎಂಬ ವಸ್ತುವೇ ಬಟಾಣಿ ಸಸಿಗಳ ಬೆಳವಣಿಗೆಯನ್ನು ಕೆಡಿಸುತ್ತಿದೆಯೆಂದು ತೋರಿಸಿಕೊಟ್ಟ. ಅದೇ ಎಥಿಲೀನನ್ನು ಸಸ್ಯಗಳು ತಾವೇ ಉತ್ಪತ್ತಿಮಾಡಿಕೊಳ್ಳುತ್ತವೆ ಎಂಬುದು ಆಮೇಲೆ ತಿಳಿದುಬಂದಿತು. ಹಣ್ಣನ್ನು ಮಾಗಿಸುವುದೂ ಅದೇ, ತೊಟ್ಟಿನ ಪದರಕ್ಕೆ ಬಿಡುಗಡೆಯ ಅಪ್ಪಣೆ ಕೊಡುವುದೂ ಅದೇ. ಇದಕ್ಕೆ ಎದುರಾಗಿ ನಿಲ್ಲುವುದು ಆಕ್ಸಿನ್ ಎಂಬ ಹಾರ್ಮೋನು. ಕಾಯಿಯ ಕಡೆಯಿಂದ ತೊಟ್ಟಿನ ಮೂಲಕ ಆಕ್ಸಿನ್ ಸತತವಾಗಿ ಹರಿಯುತ್ತಿರುವವರೆಗೂ ಆ ಪದರ ಎಥಿಲೀನಿನ ಮಾತಿಗೆ ಕಿವಿಗೊಡುವುದಿಲ್ಲ. ಹರಿವು ಕುಗ್ಗಿತೋ, ಪದರ ಸಡಿಲವಾಗತೊಡಗುತ್ತದೆ.

ಎಳೆಯ ಕಾಯಿಯಲ್ಲಿ ಆಕ್ಸಿನ್ ಹುಟ್ಟುವುದು ಮುಖ್ಯವಾಗಿ ಎಲ್ಲಿ? ಬೀಜದಲ್ಲಿ. ಇದನ್ನು ಅತ್ಯಂತ ಅಂದವಾಗಿ ತೋರಿಸಿದವನು ನಿಟ್ಷ್ ಎಂಬ ವಿಜ್ಞಾನಿ. ೧೯೫೦ರಲ್ಲಿ ಅವನು ಪ್ರಕಟಿಸಿದ ಪ್ರಯೋಗ ಸ್ಟ್ರಾಬೆರಿ ಹಣ್ಣಿನ ಮೇಲಿನದು. ಆ ಹಣ್ಣಿನ ಹೊರಮೈಯಲ್ಲಿ ಎಳ್ಳಿನಂತೆ ಅಂಟಿಕೊಂಡಿರುವ ಬೀಜಗಳನ್ನು ನೀವು ಕಂಡಿರಬಹುದು. ಎಳೆಯ ಕಾಯಿಯಿಂದ ಅವುಗಳನ್ನೆಲ್ಲ ಹೆಕ್ಕಿ ತೆಗೆದಾಗ ಕಾಯಿ ಬೆಳೆಯದೆ ನಿಂತುಹೋಯಿತು. ಹೀಗೆ ಬೋಳಾದ ಕಾಯಿಗೆ ಆಕ್ಸಿನ್ ಬೆರೆಸಿದ ಲೇಪವನ್ನು ಬಳಿದಾಗ ಬೀಜವಿಲ್ಲದಿದ್ದರೂ ಅದು ಬೆಳೆಯಿತು. ಒಂದು ಪಕ್ಕದಲ್ಲಿ ಮಾತ್ರ ಬೀಜ ಉಳಿಸಿದರೆ ಆ ಪಕ್ಕ ಮಾತ್ರ ಉಬ್ಬಿತು! ಮಾವಿನಲ್ಲಿಯೂ ಇದಕ್ಕೆ ಹೋಲಿಕೆಯುಂಟು. ಉತ್ತರ ಭಾರತದ ತೋಟಗಳಲ್ಲಿ ಹೂವಿನ ಕಾಲದಲ್ಲಿ ಚಳಿ ಹೆಚ್ಚಿ ಪರಾಗಸ್ಪರ್ಶ ಸರಿಯಾಗಿ ಆಗದಿದ್ದರೆ, ಗೊಂಚಲಿನ ತುದಿಯಲ್ಲಿ ಹತ್ತಾರು ಮಿಡಿಗಳು ಜುಮುಕಿಯ ಮಣಿಗಳಂತೆ ಒತ್ತಾಗಿ ಕಚ್ಚುತ್ತವೆ. ಅಲ್ಲಿಯವರು ಅದನ್ನು ‘ಝುಮ್ಕಾ’ ಎಂದೇ ಕರೆಯುತ್ತಾರೆ. ನೋಡಲು ಸೊಗಸು, ಆದರೆ ಒಳಗೆ ಬೀಜ ಬೆಳೆದಿರುವುದಿಲ್ಲವಾಗಿ ಅವು ಗೋಲಿಯ ಗಾತ್ರ ದಾಟುವ ಮುನ್ನವೇ ಉದುರಿಹೋಗುತ್ತವೆ. ಎಳೆಯ ಪ್ರಾಯದಲ್ಲಿ ಬೀಜವೇ ಕಾಯಿಯ ಕಾವಲುಗಾರ ಎನ್ನಬೇಕು.

ಬೀಜ ಕೊಡಬೇಕಾದ ಆಕ್ಸಿನನ್ನು ನಾವೇ ಹೊರಗಿನಿಂದ ಕೊಟ್ಟರೆ? ೧೯೩೯ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಗಾರ್ಡ್‌ನರ್, ಮಾರ್ಥ್ ಮತ್ತು ಬ್ಯಾಟ್ಜರ್ ಎಂಬ ಮೂವರು ಸೇಬಿನ ಮರಗಳಿಗೆ ನ್ಯಾಫ್ತಲೀನ್ ಅಸಿಟಿಕ್ ಆಮ್ಲದ ಅತಿ ತೆಳುವಾದ ದ್ರಾವಣವನ್ನು ಸಿಂಪಡಿಸಿ, ಕೊಯ್ಲಿಗೆ ಮುಂಚೆ ಹಣ್ಣು ಉದುರುವುದನ್ನು ತಡೆದರು. ಈ ಆಮ್ಲ ಪ್ರಯೋಗಶಾಲೆಯಲ್ಲಿ ತಯಾರಾದ ಕೃತಕ ಆಕ್ಸಿನ್. ಇಂದು ನಮ್ಮ ದೇಶದಲ್ಲಿ ಮಾವಿನ ಮಿಡಿ ಬಟಾಣಿಯಷ್ಟಿದ್ದಾಗ ಒಮ್ಮೆ, ಗೋಲಿಯಷ್ಟಾದಾಗ ಮತ್ತೊಮ್ಮೆ ಇದನ್ನು ಹತ್ತು ಲಕ್ಷ ಭಾಗ ನೀರಿಗೆ ಸುಮಾರು ೨೦ ಭಾಗದಂತೆ ಸಿಂಪಡಿಸಬೇಕೆಂದು ಸಲಹೆ ಕೊಡುವುದುಂಟು. ಇದೆಷ್ಟು ಅಲ್ಪವೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಅಂಗಡಿಯಲ್ಲಿ ದೊರೆಯುವ ದ್ರಾವಣದಲ್ಲಿ ಸಾಮಾನ್ಯವಾಗಿ ನೂರಕ್ಕೆ ೪.೫ ಭಾಗ, ಅಂದರೆ ಒಂದು ಮಿಲಿಲೀಟರಿನಲ್ಲಿ ೪೫ ಮಿಲಿಗ್ರಾಂ ಆಮ್ಲವಿರುತ್ತದೆ. ಹತ್ತು ಲೀಟರ್ ನೀರಿಗೆ ಬೇಕಾದುದು ೨೦೦ ಮಿಲಿಗ್ರಾಂ. ಅಂದರೆ ಹತ್ತು ಲೀಟರಿಗೆ ನಾಲ್ಕೂವರೆ ಮಿಲಿಲೀಟರಿಗಿಂತ ಕೊಂಚ ಕಡಿಮೆ. ಒಂದು ಚಹದ ಚಮಚವೂ ತುಂಬುವುದಿಲ್ಲ. ‘ಇನ್ನೊಂದು ಚಮಚ ಹಾಕಿದರೆ ಇನ್ನೂ ಒಳ್ಳೆಯದಾದೀತು’ ಎಂಬ ಆಸೆ ಇಲ್ಲಿ ಅಪಾಯಕಾರಿ. ಇದೇ ಆಮ್ಲವನ್ನು ಸೇಬು ಬೆಳೆಯುವವರು ಹೂವಿನ ಕಾಲ ಕಳೆದೊಡನೆ ಸಿಂಪಡಿಸಿ, ಹೆಚ್ಚಾದ ಮಿಡಿಗಳನ್ನು ಬೇಕೆಂದೇ ಉದುರಿಸುತ್ತಾರೆ. ಪ್ರಮಾಣವೂ ಕಾಲವೂ ತಪ್ಪಿದರೆ ಆಕ್ಸಿನ್ ತಾನೇ ಎಥಿಲೀನಿನ ಉತ್ಪತ್ತಿಯನ್ನು ಕೆರಳಿಸುವುದೇ ಇದಕ್ಕೆ ಕಾರಣ.

ಹಾರ್ಮೋನಿನ ಸಿಂಪರಣೆ ಹಸಿದ ಮರಕ್ಕೆ ಊಟವಾಗಲಾರದು. ಸಸ್ಯ ತನ್ನ ಆಕ್ಸಿನನ್ನು ತಾನೇ ತಯಾರಿಸಿಕೊಳ್ಳಲು ಸತು ಬೇಕು. ಪರಾಗದ ನಳಿಕೆ ಬೆಳೆದು ಅಂಡವನ್ನು ತಲಪಲು ಬೋರಾನ್ ಬೇಕು. ಎರಡೂ ಬೇಕಾದುದು ಎಳ್ಳಷ್ಟೇ. ಆದರೆ ಆ ಎಳ್ಳಷ್ಟೂ ಇಲ್ಲದ ಮಣ್ಣುಗಳು ಬಹಳ. ಇದಕ್ಕಾಗಿ ಹೆಸರಘಟ್ಟದ ಸಂಸ್ಥೆ ಮಾವಿಗೂ ಬಾಳೆಗೂ ಎಲೆಯ ಮೇಲೆ ಸಿಂಪಡಿಸುವ ಲಘುಪೋಷಕಾಂಶಗಳ ಬೇರೆಬೇರೆ ಮಿಶ್ರಣಗಳನ್ನು ಸಿದ್ಧಪಡಿಸಿದೆ. ಬಾಳೆಯ ಮಿಶ್ರಣವನ್ನು ಕಲಸುವಾಗ ನಿಂಬೆಹಣ್ಣಿನ ರಸವನ್ನೂ ತಲೆಗೆ ಹಚ್ಚುವ ಶಾಂಪೂವಿನ ಒಂದು ಪೊಟ್ಟಣವನ್ನೂ ಸೇರಿಸಬೇಕೆಂಬ ಸೂಚನೆಯನ್ನು ಓದಿ ನಗುವವರಿದ್ದಾರೆ. ಆದರೆ ಇದರಲ್ಲಿ ರಸಾಯನಶಾಸ್ತ್ರವಿದೆ: ನಿಂಬೆಯ ಹುಳಿ ಕೊಳವೆ ಬಾವಿಯ ಗಡಸು ನೀರನ್ನು ಹದಗೊಳಿಸುತ್ತದೆ, ಶಾಂಪೂ ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸಿ, ಹನಿ ಜಾರಿ ಹೋಗದೆ ಮೇಣದಂತಹ ಎಲೆಯ ಮೇಲೆ ಹರಡಿಕೊಳ್ಳುವಂತೆ ಮಾಡುತ್ತದೆ.

ಹೂವನ್ನು ಹೀರುವ ಜಿಗಿಹುಳು, ಬೂದಿ ರೋಗ, ಏಪ್ರಿಲ್ ಮೇ ತಿಂಗಳ ಬಿರುಗಾಳಿ ಮತ್ತು ಆಲಿಕಲ್ಲು, ಇವು ಎಲ್ಲರೂ ಬಲ್ಲ ಶತ್ರುಗಳಾದುದರಿಂದ ಹೆಚ್ಚು ಹೇಳಬೇಕಾಗಿಲ್ಲ. ತೋಪಿನ ಗಾಳಿ ಬೀಸುವ ಅಂಚಿನಲ್ಲಿ ಸರ್ವೆ ಅಥವಾ ಸಿಲ್ವರ್ ಓಕ್ ಮರಗಳ ಸಾಲನ್ನು ಬೆಳೆಸುವುದು ಹಳೆಯ ಹಾಗೂ ಉತ್ತಮ ಪದ್ಧತಿ. ಹೂ ಪೂರ್ಣವಾಗಿ ಅರಳಿರುವಾಗ ಕೀಟನಾಶಕ ಸಿಂಪಡಿಸಿದರೆ ಪರಾಗವನ್ನು ಹೊತ್ತೊಯ್ಯುವ ನೊಣಗಳೂ ಜೇನುಗಳೂ ಸಾಯುತ್ತವೆ. ಬೀಜ ಕಟ್ಟುವುದೇ ತಪ್ಪಿದಮೇಲೆ ಮಿಡಿ ನಿಲ್ಲುವುದೆಲ್ಲಿಂದ?

ಬಿದ್ದ ಕಾಯಿಯನ್ನು ಏನು ಮಾಡಬೇಕೆಂಬುದೂ ಮುಖ್ಯ. ಕಾಯಿ ಬಲಿಯುವ ಹೊತ್ತಿಗೆ ಬೀಳುವವುಗಳಲ್ಲಿ ಅನೇಕವು ಹಣ್ಣಿನ ನೊಣದ ಮರಿಹುಳುಗಳಿಂದ ತುಂಬಿರುತ್ತವೆ. ಆ ಹುಳುಗಳು ಹಣ್ಣಿನಿಂದ ಹೊರಬಂದು ಮಣ್ಣಿನಲ್ಲಿ ಕೋಶಾವಸ್ಥೆಯನ್ನು ಕಳೆದು ಮತ್ತೆ ನೊಣಗಳಾಗಿ ಮೇಲೇಳುತ್ತವೆ. ಬಿದ್ದ ಹಣ್ಣನ್ನು ಬುಡದಲ್ಲೇ ಬಿಟ್ಟವನು ಮುಂದಿನ ಪೀಳಿಗೆಯ ನೊಣಗಳನ್ನು ಸಾಕಿದಂತೆಯೇ. ಗಂಡು ನೊಣಗಳನ್ನು ಸೆಳೆಯುವ ಬಲೆಯ ಹಿಂದೆ ಒಂದು ಸ್ವಾರಸ್ಯವಾದ ಕಥೆಯಿದೆ. ಬಿಹಾರದ ಪೂಸಾದಲ್ಲಿ ಕೀಟಶಾಸ್ತ್ರಜ್ಞನಾಗಿದ್ದ ಹೌಲೆಟ್, ಸೊಳ್ಳೆ ಓಡಿಸಲು ಬಳಸುವ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣಿನ ನೊಣಗಳು ಮುತ್ತಿಕೊಳ್ಳುವುದನ್ನು ೧೯೧೨ರಲ್ಲಿ ವರದಿ ಮಾಡಿದ. ಬಂದವೆಲ್ಲ ಗಂಡು ನೊಣಗಳು! ಅವನ ಮುಂದಿನ ಶೋಧನೆಗಳಿಂದ ಮೀಥೈಲ್ ಯೂಜಿನಾಲ್ ಎಂಬ ವಸ್ತುವಿನ ಆಕರ್ಷಣೆ ಬೆಳಕಿಗೆ ಬಂದಿತು. ನಮ್ಮ ಮನೆಯಂಗಳದ ತುಳಸಿಯಲ್ಲಿಯೂ ಈ ವಸ್ತುವಿದೆ. ಇಂದು ತೋಟಗಳಲ್ಲಿ ತೂಗುಹಾಕುವ ಬಲೆಗಳಲ್ಲಿರುವುದು ಇದೇ. ನೊಣವನ್ನು ಕಡೆಗಣಿಸಿದರೆ ಆಗುವ ಹಾನಿ ತೋಪಿನ ಬೇಲಿಯೊಳಗೇ ನಿಲ್ಲುವುದಿಲ್ಲ: ೨೦೧೪ರ ಮೇ ತಿಂಗಳಿನಿಂದ ಐರೋಪ್ಯ ಒಕ್ಕೂಟವು ಭಾರತದ ಮಾವನ್ನು ಇದೇ ಕಾರಣಕ್ಕೆ ತಡೆಹಿಡಿದು, ಮರುವರ್ಷವಷ್ಟೇ ನಿಷೇಧವನ್ನು ತೆಗೆಯಿತು.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಉದುರದೆ ಉಳಿದು, ಹುಳುವಿಗೂ ಸಿಕ್ಕದೆ, ಚಿನ್ನದ ಬಣ್ಣ ತಳೆದು ಮಾರುಕಟ್ಟೆಗೆ ಬಂದ ಹಣ್ಣನ್ನು ತೆಗೆದುಕೊಳ್ಳಿ. ಬೆಂಗಳೂರಿನವರು ಬಾದಾಮಿ ಎಂದೂ, ಧಾರವಾಡದ ಕಡೆಯವರು ಆಪೂಸು ಎಂದೂ ಕರೆಯುವ ಆಲ್ಫಾನ್ಸೊ ತಳಿಯ ಹಣ್ಣು ಅದು. ಹೊರಗೆ ಒಂದು ಕಲೆಯೂ ಇಲ್ಲ, ಪರಿಮಳವೂ ಉಂಟು. ಕೊಯ್ದು ನೋಡಿದರೆ ಓಟೆಯ ಸುತ್ತಲಿನ ತಿರುಳು ಬಿಳಿಚಿಕೊಂಡು, ಸ್ಪಂಜಿನಂತೆ ಮೆತ್ತಗೆ, ಕೆಲವೊಮ್ಮೆ ಒಳಗೆ ಗಾಳಿಯ ಗೂಡುಗಳಿಂದ ಕೂಡಿ, ಹುಳಿಯಾಗಿ, ತಿನ್ನಲು ಬಾರದಂತಿರುತ್ತದೆ. ಕೊಂಕಣದಲ್ಲಿ ಇದಕ್ಕೆ ‘ಸಾಕಾ’ ಎಂದು ಹೆಸರು. ಕೆಲವು ವರ್ಷಗಳಲ್ಲಿ ನೂರಕ್ಕೆ ಮೂವತ್ತರವರೆಗೂ ಹಣ್ಣುಗಳು ಹೀಗೆ ಕೆಡುವುದುಂಟು. ಇದು ಕೊಂಡವನ ಮನೆಯಲ್ಲಿ ಕತ್ತಿಯ ಕೆಳಗೆ ಬಯಲಾಗುವ ರೋಗವಾದುದರಿಂದ ಬೆಳೆಗಾರನ ಹೆಸರನ್ನೇ ಕೆಡಿಸುತ್ತದೆ. ಕ್ಷಕಿರಣ ಹಾಯಿಸಿದರೆ ಹಣ್ಣನ್ನು ಕೊಯ್ಯದೆಯೇ ಇದನ್ನು ಕಾಣಬಹುದು. ಆದರೆ ಗಾಡಿಗಟ್ಟಲೆ ಹಣ್ಣಿಗೆ ಕ್ಷಕಿರಣ ಹಾಯಿಸುವ ಬೆಳೆಗಾರ ಎಲ್ಲಿದ್ದಾನೆ?

೧೯೩೪ರಷ್ಟು ಹಿಂದೆಯೇ ಚೀಮಾ ಮತ್ತು ದಾನಿ ಎಂಬವರು ಈ ದೋಷವನ್ನು ದಾಖಲಿಸಿದ್ದರು. ರೋಗಾಣುವನ್ನು ಹುಡುಕಿದವರಿಗೆ ರೋಗಾಣು ಸಿಗಲಿಲ್ಲ. ಕಾದ ನೆಲದಿಂದ ಮೇಲೇಳುವ ಬಿಸಿಯೇ ಕಾರಣವೆಂದು ಕೆಲವರು ಹೇಳಿದರು. ಅದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಮರದ ಬುಡದ ನೆಲಕ್ಕೆ ತರಗೆಲೆ, ಒಣಹುಲ್ಲುಗಳ ಹೊದಿಕೆ ಹಾಕಿದಾಗ ದೋಷ ಕಡಿಮೆಯಾಗುತ್ತದೆ. ಆದರೆ ಅದೇ ಬಿಸಿಲಿನಲ್ಲಿ, ಅದೇ ತೋಪಿನಲ್ಲಿ ಬೆಳೆದ ಮಿಕ್ಕ ತಳಿಗಳ ತಿರುಳು ಕೆಡದೆ ಬಾದಾಮಿಯದು ಮಾತ್ರ ಏಕೆ ಕೆಡಬೇಕು? ಬಿಸಿಲೊಂದನ್ನೇ ಹೇಳಿ ಈ ಪ್ರಶ್ನೆಯನ್ನು ಬಿಡಿಸಲಾಗದು.

ಹೆಸರಘಟ್ಟದ ಸಂಸ್ಥೆಯ ರವೀಂದ್ರ ಮತ್ತು ಶಿವಶಂಕರ್ ಎಂಬ ವಿಜ್ಞಾನಿಗಳು ತಿರುಳನ್ನು ಬಿಟ್ಟು ಬೀಜದ ಕಡೆಗೆ ದೃಷ್ಟಿ ಹೊರಳಿಸಿದರು. ೨೦೦೪ರಲ್ಲಿ ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ೨೦೦೬ರಲ್ಲಿ ಮತ್ತೊಂದು ಲೇಖನ ಅದನ್ನು ಪುಷ್ಟಿಗೊಳಿಸಿತು. ಅವರ ವಾದವನ್ನು ತಿಳಿಯಬೇಕಾದರೆ ಬೀಜಗಳಲ್ಲಿ ಎರಡು ಜಾತಿಯುಂಟೆಂಬುದನ್ನು ನೆನೆಯಬೇಕು. ರಾಗಿಯ ಬೀಜ ಒಣಗಿ ನಿದ್ರಿಸುತ್ತದೆ. ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಮಾವಿನ ಬೀಜಕ್ಕೆ ಆ ನಿದ್ರೆಯಿಲ್ಲ. ಒಣಗಿಸಿದರೆ ಕೆಲವೇ ವಾರಗಳಲ್ಲಿ ಅದು ಸಾಯುತ್ತದೆ. ತೇವವಿದ್ದರೆ ಮೊಳೆಯುವ ಆತುರ ಅದಕ್ಕೆ. ಬೆಂಗಳೂರಿನ ತರಕಾರಿ ಅಂಗಡಿಯಲ್ಲಿ ಸೀಮೆಬದನೆಕಾಯಿ ಬುಟ್ಟಿಯಲ್ಲಿಯೇ ಮೊಳಕೆಯೊಡೆದು ನಾಲಿಗೆ ಚಾಚಿರುವುದನ್ನು ಯಾರು ನೋಡಿಲ್ಲ? ಬಾದಾಮಿ ಮಾವಿನಲ್ಲಿ ಹಣ್ಣು ಇನ್ನೂ ಮರದ ಮೇಲಿರುವಾಗಲೇ ಒಳಗಿನ ಬೀಜ ಮೊಳೆಯುವ ಸಿದ್ಧತೆಯನ್ನು ಆರಂಭಿಸಿ, ಪಕ್ಕದ ತಿರುಳಿನ ಮೇಲೆ ಕೈಮಾಡುತ್ತದೆ. ಹಣ್ಣು ತಿನ್ನುವವರಿಗಾಗಿ ಸಕ್ಕರೆಯಾಗಬೇಕಿದ್ದ ತಿರುಳು ಹಾಗಾಗದೆ ಸ್ಪಂಜಾಗಿ ಉಳಿಯುತ್ತದೆ. ಎಳೆಯದಾಗಿದ್ದಾಗ ಕಾಯಿಯನ್ನು ಕೊಂಬೆಗೆ ಅಂಟಿಸಿಟ್ಟ ಆ ಕಾವಲುಗಾರನೇ ಕೊನೆಗೆ ಕಣಜಕ್ಕೆ ಕೈಹಾಕಿದಂತಾಯಿತು. ಹಣ್ಣು ಮರದ ಮೇಲೆ ಹೆಚ್ಚು ಕಾಲ ನಿಂತಷ್ಟೂ ದೋಷ ಹೆಚ್ಚುವುದೇಕೆಂಬುದು ಇದರಿಂದ ಸುಲಭವಾಗಿ ತಿಳಿಯುತ್ತದೆ.

ಕಾರಣ ತಿಳಿದಮೇಲೆ ಉಪಾಯಗಳೂ ಹೊಳೆದುವು. ಕಾಯಿ ಅರ್ಧ ಬಲಿತಿರುವಾಗ ಒಮ್ಮೆ ಸಿಂಪಡಿಸಬೇಕಾದ ‘ಅರ್ಕಾ ಸಾಕಾ ನಿವಾರಕ’ ಎಂಬ ದ್ರಾವಣವನ್ನು ಹೆಸರಘಟ್ಟದ ಸಂಸ್ಥೆಯೇ ರೂಪಿಸಿತು. ಅರ್ಕಾ ಎಂಬ ಹೆಸರು ಅಲ್ಲಿಯ ಕೆರೆಗೆ ನೀರುಣಿಸುವ ಅರ್ಕಾವತಿ ನದಿಯನ್ನು ನೆನಪಿಗೆ ತರುತ್ತದೆ. ತಳಿವಿಜ್ಞಾನಿಗಳು ಹಿಡಿದುದು ಬೇರೆ ದಾರಿ. ೧೯೬೭ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯಲ್ಲಿ ಬಾದಾಮಿಯನ್ನು ಬಂಗನಪಲ್ಲಿಯೊಡನೆ ಸಂಕರಗೊಳಿಸಿದರು. ಬಂಗನಪಲ್ಲಿ ತಾಯಿಯಾಗಿ ಬಾದಾಮಿ ತಂದೆಯಾದಾಗ ಹುಟ್ಟಿದುದು ಅರ್ಕಾ ಅರುಣ: ಗಿಡ್ಡ ಮರ, ಅರ್ಧ ಕಿಲೋಗ್ರಾಂ ತೂಗುವ ಹಣ್ಣು. ತಾಯಿತಂದೆಯರನ್ನು ಅದಲು ಬದಲು ಮಾಡಿದಾಗ ಬಂದುದು ಅರ್ಕಾ ಪುನೀತ್: ಅದಕ್ಕಿಂತ ಚಿಕ್ಕ, ಬಹುದಿನ ಕೆಡದಿರುವ ಹಣ್ಣು. ಎರಡರಲ್ಲಿಯೂ ಸ್ಪಂಜಿನ ದೋಷವಿಲ್ಲ. ಆದರೂ ಮಾರುಕಟ್ಟೆಗೆ ಹೋದವರು ಇಂದಿಗೂ ಕೇಳುವುದು ಬಾದಾಮಿಯನ್ನೇ. ನಾಲಿಗೆಯ ರೂಢಿ ಸಸ್ಯಶಾಸ್ತ್ರಕ್ಕೆ ಬೇಗ ತಲೆಬಾಗುವುದಿಲ್ಲ.

ಬಾದಾಮಿಯನ್ನೇ ಬೆಳೆಯುವವರಿಗೆ ಖರ್ಚಿಲ್ಲದ ಉಪಾಯವೆಂದರೆ ಹಣ್ಣನ್ನು ಮರದಲ್ಲಿ ಪೂರ್ತಿ ಬಲಿಯಲು ಬಿಡದೆ, ನೂರಕ್ಕೆ ಎಂಬತ್ತೈದರಷ್ಟು ಬಲಿತಾಗಲೇ ತೊಟ್ಟು ಸಹಿತ ಕೊಯ್ದು, ಸೊನೆ ಮೈಗೆ ತಾಗದಂತೆ ಇಳಿಸಿ, ಹುಲ್ಲಿನಲ್ಲಿ ಮಾಗಿಸುವುದು. ಬಲಿತದ್ದನ್ನು ಅಳೆಯಲು ಒಂದು ಬಕೆಟ್ಟು ನೀರು ಸಾಕು. ಎಳೆಯ ಕಾಯಿ ತೇಲುತ್ತದೆ. ತಿರುಳಿನಲ್ಲಿ ಪಿಷ್ಟ ತುಂಬಿದಂತೆ ಅದರ ಸಾಪೇಕ್ಷ ಸಾಂದ್ರತೆ ೧ನ್ನು ದಾಟಿ ಕಾಯಿ ಮುಳುಗುತ್ತದೆ. ಮೇ ತಿಂಗಳ ರಜೆಯಲ್ಲಿ ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಬಹುದು. ಹತ್ತಾರು ಬಾದಾಮಿ ಕಾಯಿಗಳನ್ನು ನೀರಿಗೆ ಬಿಟ್ಟು, ತೇಲಿದವಕ್ಕೆ ಒಂದು ಗುರುತನ್ನೂ ಮುಳುಗಿದವಕ್ಕೆ ಇನ್ನೊಂದು ಗುರುತನ್ನೂ ಹಾಕಿ ಮಾಗಲು ಇಡಿ. ಮಾಗಿದ ಮೇಲೆ ಒಂದೊಂದನ್ನೇ ಕೊಯ್ದು, ಯಾವ ಗುಂಪಿನಲ್ಲಿ ಎಷ್ಟು ಸ್ಪಂಜಾಗಿವೆಯೆಂದು ಬರೆದಿಡಿ. ಓಟೆಗಳನ್ನು ಎಸೆಯಬೇಡಿ. ಹಿರಿಯರ ನೆರವಿನಿಂದ ಅವುಗಳ ಗಟ್ಟಿ ಕವಚವನ್ನು ಅಂಚಿನಲ್ಲಿ ಬಿಡಿಸಿ ಒಳಗಿನ ಬೀಜವನ್ನು ನೋಡಿ: ಕೆಟ್ಟ ಹಣ್ಣಿನ ಬೀಜದಲ್ಲಿ ಬೇರಿನ ತುದಿ ಮುಂದೆ ಬಂದಿದೆಯೇ, ಒಳ್ಳೆಯ ಹಣ್ಣಿನದರಲ್ಲಿ ಹೇಗಿದೆ ಎಂಬುದನ್ನೂ ಅದೇ ಪಟ್ಟಿಯಲ್ಲಿ ಬರೆದುಕೊಳ್ಳಿ.